ಮೇಜಿನ ಮೇಲೆ ಇಟ್ಟದ್ದು

‘ಹೊಲಿಗೆ ಪೆಟ್ಟಿಗೆ, ಮರದ್ದು, ಹಳೆಯದು, ಬೆಲೆ ಇಲ್ಲ’ ಎಂದು ಬರೆದು ಅವನು ತಲೆಯೆತ್ತುವಷ್ಟರಲ್ಲಿ ಎದುರಿಗೆ ಕೂತಿದ್ದ ಟೀಚರಮ್ಮ ಆ ಸಾಲನ್ನು ತಲೆಕೆಳಗಾಗಿಯೇ ಓದಿ ಮುಗಿಸಿದ್ದರು. ವರ್ಷಗಟ್ಟಲೆ ಬೆಂಚಿನ ಆಚೆ ನಿಂತು ಮಕ್ಕಳ ಬರಹ ಓದಿದ ಕಣ್ಣು. ಅವರ ಮನೆಯ ಹಿಂದಿನ ಕೋಣೆಗೆ ಬೆಂಕಿ ಬಿದ್ದಿತ್ತು. ಕಪಾಟು, ಹಾಸಿಗೆ, ಫ್ಯಾನು ಎಲ್ಲಕ್ಕೂ ವಿಮಾ ಕಂಪನಿ ಏನಾದರೊಂದು ಕೊಡುತ್ತದೆ, ಪೆಟ್ಟಿಗೆಗೆ ಮಾತ್ರ ಇಲ್ಲ. ಅದು ತಮ್ಮ ಅಮ್ಮನದು, ಅದಕ್ಕೂ ಮೊದಲು ಅಮ್ಮನ ಅಮ್ಮನದು ಎಂದು ಅವರು ಹೇಳಿದರು. ನಷ್ಟದ ಅಂದಾಜು ಮಾಡುವುದೇ ಕಸುಬಾದ ಅವನಿಗೆ ಇಂಥದ್ದಕ್ಕೆಲ್ಲ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಭಾವನೆಗೆ ಕಂಪನಿ ಬೆಲೆ ಕಟ್ಟುವುದಿಲ್ಲ, ವಸ್ತುವಿಗೆ ವಯಸ್ಸಾದಷ್ಟೂ ಬೆಲೆ ಇಳಿಯುತ್ತದೆ ಮೇಡಂ, ನಮ್ಮ ಹಾಗೇ, ಅಂದ. ಈ ಮಾತಿಗೆ ಸಾಮಾನ್ಯವಾಗಿ ಎದುರಿನವರು ಒಲ್ಲದ ಮನಸ್ಸಿನಿಂದಲಾದರೂ ನಗುತ್ತಿದ್ದರು. ನಕ್ಕ ಮೇಲೆ ಜಗಳವಾಡುವುದು ಕಷ್ಟವಾಗಿ ರುಜು ಹಾಕಿ ಹೋಗುತ್ತಿದ್ದರು. ಟೀಚರಮ್ಮ ನಗಲಿಲ್ಲ. ಬೆಳಗಿನ ಅಂಚೆಯ ಲಕೋಟೆಗಳನ್ನು ಸೀಳಿ ಅವನು ಹಾಗೇ ಬಿಟ್ಟಿದ್ದ ಮಡಚು ಚಾಕುವನ್ನು ನೋಡಿದರು. “ಅದೂ ಹಳೇದೇ ಅಲ್ವಾ. ಕಳೆದುಹೋದ್ರೆ ಏನಂತ ಬರ್ಕೋತೀರಿ?” ಕೇಳಿದ್ದು ಮಕ್ಕಳನ್ನು ಕೇಳುವ ಧ್ವನಿಯಲ್ಲಿ, ಉತ್ತರ ಬಾರದಿದ್ದರೂ ಪರವಾಗಿಲ್ಲ ಎಂಬಂತೆ. ಅವನ ಅಂಗೈ ತಾನಾಗಿ ಹೋಗಿ ಚಾಕುವನ್ನು ಮುಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದೂ ಇರಲಿಲ್ಲ.

ಅವರು ಎದ್ದುಹೋದ ಮೇಲೆ ಅಣ್ಣನ ಫೋನು ಬಂತು. ಅಣ್ಣ ಫೋನು ಮಾಡುವುದು ಯಾರಾದರೂ ಸತ್ತಾಗ. ಹಲೋ ಅನ್ನುವ ಮೊದಲೇ ಅವನು ಮನಸ್ಸಿನಲ್ಲಿ ನೆಂಟರ ಮನೆಗಳನ್ನೆಲ್ಲ ಒಂದು ಸುತ್ತು ಸುತ್ತಿ ಬಂದ. ಇರುವೆಗೆ ಕೆಲಸ ಸಿಕ್ಕಿತು ಅಂದ ಅಣ್ಣ. ಇರುವೆ ಎಂದರೆ ಅಣ್ಣನ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಸಕ್ಕರೆ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೆಯುತ್ತಿದ್ದಳೆಂದು ಬಂದ ಹೆಸರು. ಟೆಲಿಫೋನ್ ಕೇಬಲ್ ಜೋಡಿಸುವ ಕೆಲಸವೇ, ಅವಳ ತಾತ ಮಾಡಿದ್ದು, ಅಪ್ಪ ಮಾಡಿದ್ದು. ಸೋಮವಾರದಿಂದ ಹೋಗುತ್ತಾಳೆ, ಭಾನುವಾರ ಊಟಕ್ಕೆ ಬಾ, ಅಂದ. ಆಮೇಲೆ ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. “ಬರೋವಾಗ ಏನೂ ತರಬೇಡ,” ಅಂದು ಇಟ್ಟುಬಿಟ್ಟ.

ಏನೂ ತರಬೇಡ. ಯಾರ ಮನೆಗೆ ಹೋದರೂ ಯಾರು ಕರೆದರೂ ಆಡುವ ಮಾತು. ತರಬೇಡ ಅಂದರೆ ತಂದರೆ ಬೇಡವೆನ್ನುವುದಿಲ್ಲ ಎಂದೇ ಅರ್ಥ. ಆದರೆ ಮಾತಿಗೂ ಮೊದಲಿನ ಆ ಉಸಿರು? ಅಣ್ಣ ಅಷ್ಟು ಹೊತ್ತು ಹುಡುಕಿದ್ದು ಬೇರೆ ಯಾವುದೋ ಮಾತನ್ನು, ಸಿಕ್ಕದೆ ಇದನ್ನು ಆಡಿದ. ಅಥವಾ ಸಿಕ್ಕಿದ್ದೇ ಇದು. ಅಂಗೈ ಎತ್ತಿ ನೋಡಿದರೆ ಚಾಕು ಬೆವರಿನಿಂದ ಒದ್ದೆಯಾಗಿತ್ತು. ಅಣ್ಣ ಅದನ್ನು ಕೇಳುತ್ತಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು. ಇಷ್ಟು ವರ್ಷಗಳ ಮೇಲೆ, ಕೇಳದೆಯೇ ಕೇಳುತ್ತಿದ್ದಾನೆ. ಅವರ ಮನೆಯಲ್ಲಿ ಕೇಳುವ ರೀತಿ ಅದೊಂದೇ.

ಅವರ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಹಣ್ಣು ಹೆಚ್ಚಲಿಕ್ಕೆ ಕೇಳಿದರೂ ಅಷ್ಟೇ: ಕೊಡುವವರು ಎಲ್ಲಾದರೂ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಇಬ್ಬರ ನಡುವಿನದು ಕಡಿದುಹೋಗುತ್ತದೆ. ಬೇರೆ ಮನೆಗಳಲ್ಲೂ ಇಂಥದ್ದನ್ನು ಹೇಳುತ್ತಾರೆ, ಹೇಳಿ ಮರೆಯುತ್ತಾರೆ. ಅವರ ಮನೆ ಮರೆಯುವ ಮನೆಯಲ್ಲ. ಗೋದಾಮಿನಲ್ಲಿ ಹಗ್ಗ ಕಡಿದು ಮೂಟೆ ಬಿಚ್ಚುತ್ತಿದ್ದ ತಾತನಿಗೆ, ಎಂದರೆ ಅಪ್ಪನ ಅಪ್ಪನಿಗೆ, ಒಬ್ಬ ತಮ್ಮನಿದ್ದನಂತೆ. ಅದೇನೋ ಮಾತಿಗೆ ಮಾತು ಬೆಳೆದ ಮಾರನೆಯ ದಿನ ಆತ ತಾನು ಎರವಲು ಒಯ್ದಿದ್ದ ಚಾಕುವನ್ನು ತಂದು, ಬಾಗಿಲಲ್ಲೇ ನಿಂತು, ತಾತನ ಅಂಗೈಗೆ ಇಟ್ಟು ಹೋದ. ಆಮೇಲೆ ಒಂದೇ ಬೀದಿಯಲ್ಲಿ ಬದುಕಿದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಸಾವಿಗೂ ಹೋಗಲಿಲ್ಲ. ಅಪ್ಪ ಇದನ್ನು ತಮಾಷೆಯ ಹಾಗೆ ಹೇಳುತ್ತಿದ್ದರು. ಬೈದಿದ್ದರೆ ಒಂದಲ್ಲ ಒಂದು ದಿನ ಮರೆಯಬಹುದಿತ್ತು, ಪುಣ್ಯಾತ್ಮ ಕೈಗೇ ಕೊಟ್ಟುಬಿಟ್ಟ, ಎಂದು. ಆ ಚಾಕುವೇ ಇದು. ಕಪ್ಪು ಮರದ ಹಿಡಿ, ಕತ್ತಿನಲ್ಲಿ ಹಿತ್ತಾಳೆಯ ಉಂಗುರ. ಅಲಗು ಬಿಚ್ಚಿ ಆ ಉಂಗುರ ತಿರುಗಿಸಿದರೆ ಎಷ್ಟು ಒತ್ತಿದರೂ ಅಲಗು ಮತ್ತೆ ಕೈಮೇಲೆ ಮಡಚಿಕೊಳ್ಳದು. ಹಿಡಿಯ ಮೇಲೆ ಕಾದ ಸೀಸ ಬಿದ್ದು ಸುಟ್ಟ ಕಲೆ. ಸಾಣೆ ಕಂಡು ಕಂಡು ಅಲಗು ಸಣಕಲಾಗಿತ್ತು. ಒಂದಿಷ್ಟು ತಾತ ಸವೆಸಿದ್ದು, ಮಿಕ್ಕಿದ್ದು ಅಪ್ಪ. ಅವನ ಜೇಬಿಗೆ ಬಂದ ಮೇಲೆ ಕೂದಲೆಳೆಯಷ್ಟೂ ಸವೆದಿಲ್ಲ. ಲಕೋಟೆ ಎಷ್ಟು ಸವೆಸೀತು?

ಮನೆಯ ಮಕ್ಕಳಲ್ಲಿ ಒಬ್ಬರು ಕೆಲಸಕ್ಕೆ ಹೊರಟಾಗ ಅದನ್ನು ಇಟ್ಟುಕೊಂಡವರು ಊಟದ ಮೇಜಿನ ಮೇಲೆ ಇಡಬೇಕು. ಇಟ್ಟವರು ಇದು ನಿನಗೆ ಅನ್ನುವುದಿಲ್ಲ, ಎತ್ತಿಕೊಂಡವರು ನನಗಾ ಎಂದು ಕೇಳುವುದಿಲ್ಲ. ಮಡಚಿಟ್ಟರೂ ಹಿಡಿಯ ಬುಡ ಯಾರ ಕಡೆಗೋ ಅವರದು. ಮುಗಿಯಿತು.

ಶನಿವಾರ ಸಂಜೆ ಅವನು ಕಿಟಕಿಯ ಹತ್ತಿರ ಕೂತು ಕೀಲಿಗೆ ಎಣ್ಣೆ ಬಿಡುತ್ತಿದ್ದುದನ್ನು ಹೆಂಡತಿ ನೋಡಿದಳು. ಒಗೆದ ಬಟ್ಟೆಯ ರಾಶಿಯ ಹಿಂದೆ ಕೂತು ಒಂದೊಂದೇ ಮಡಿಸುತ್ತಿದ್ದವಳು, “ಕೊಡೋದಾದ್ರೆ ಬಾಯಿ ಬಿಟ್ಟು ಕೊಡಿ. ಇದು ನಿನ್ನದು, ನಾನು ಇಟ್ಕೊಂಡಿದ್ದೆ, ತಗೋ ಅಂತ,” ಅಂದಳು. ನಮ್ಮಲ್ಲಿ ಹಾಗೆ ಹೇಳುವ ಪದ್ಧತಿಯಿಲ್ಲ ಎಂದ ಅವನು. “ಗೊತ್ತಲ್ಲ. ನಿಮ್ಮ ಮನೆಯವರಿಗೆ ದೇವರು ಬಾಯಿ ಕೊಡೋ ಬದಲು ಒಂದು ಮೇಜು ಕೊಟ್ಟಿದ್ದಾನೆ.” ಅವನಿಗೆ ನಗು ಬಂತು, ಅವಳಿಗೆ ಬರಲಿಲ್ಲ. ಪದ್ಧತಿ ಎಷ್ಟು ಅನುಕೂಲವಾಗಿದೆ ನೋಡಿ, ಎಂದು ಅವನ ಅಂಗಿಯ ತೋಳನ್ನು ಮುರಿದು ಮಡಿಸಿದಳು. ನೀನೂ ಬಾ ಅಂದದ್ದಕ್ಕೆ, ಅಣ್ಣ ತಮ್ಮ ಇಬ್ಬರೂ ಎದುರುಬದುರು ಕೂತು ಅನ್ನ ಅಗಿಯುವ ಸದ್ದು ಕೇಳಲಿಕ್ಕೆ ತಾನು ಅಷ್ಟು ದೂರ ಬರುವುದಿಲ್ಲ ಎಂದಳು. ಅನುಕೂಲ ಎಂಬ ಮಾತು ಮಲಗುವ ತನಕ ಅವನಿಗೆ ಹತ್ತಿಕೊಂಡೇ ಇತ್ತು. ಹೌದು, ಅನುಕೂಲವೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಾನು ಇಡುತ್ತೇನೆ, ಹಿಡಿ ಇರುವೆಯ ಕಡೆಗೆ. ಅವಳು ಎತ್ತಿಕೊಳ್ಳುತ್ತಾಳೆ. ಅಣ್ಣ ನೋಡುತ್ತಾನೆ, ನೋಡಿ ನೀರು ಕುಡಿಯುತ್ತಾನೆ. ಹಳೆಯ ಮೌನ ಎದ್ದುಹೋಗಿ ಅದರ ಜಾಗದಲ್ಲಿ ಬೇರೊಂದು, ಸ್ವಲ್ಪ ಮೆತ್ತಗಿನ ಮೌನ ಬಂದು ಕೂರುತ್ತದೆ. ತಪ್ಪಾಯಿತು ಎಂಬ ಶಬ್ದವನ್ನು ಬಾಯಿಗೆ ತಂದುಕೊಳ್ಳದೆಯೇ ತಪ್ಪಿನಿಂದ ಹೊರಗೆ ಬರುವ ಬಾಗಿಲೊಂದನ್ನು ಹಿರಿಯರು ಯಾವ ಕಾಲದಲ್ಲೋ ಕಟ್ಟಿಸಿಟ್ಟಿದ್ದರೆ ತಾನೇಕೆ ಗೋಡೆ ಒಡೆಯಬೇಕು?

ಭಾನುವಾರದ ಬಸ್ಸು ಖಾಲಿಯಿತ್ತು. ರಸ್ತೆಯ ಬದಿಯಲ್ಲಿ ಎಲ್ಲೋ ಅಗೆದು ಸುತ್ತ ಹಗ್ಗ ಕಟ್ಟಿದ್ದರು, ಬಸ್ಸು ಅಲ್ಲಿ ನಿಧಾನವಾಯಿತು, ಅವನ ನೆನಪಿನಲ್ಲಿ ಗುಂಡಿಯ ಬಾಯಿಗೆ ಎತ್ತಿಕಟ್ಟಿದ ಪುಟ್ಟ ಡೇರೆಯೊಳಗೆ ಅಪ್ಪ ಕೂತಿದ್ದರು. ಮಂಡಿಯ ಮೇಲೆ ಗೋಣಿ, ಮಂಡಿಗಳ ನಡುವೆ ತೋಳಿನಷ್ಟು ದಪ್ಪದ ಕೇಬಲ್ಲು. ಸೀಸದ ಹೊದಿಕೆಯ ಸುತ್ತ ಚಾಕು ಒಂದು ಸುತ್ತು ಬಂದರೆ ಸಾಕು, ಹೊದಿಕೆ ಬಳೆಯ ಹಾಗೆ ಕಳಚುತ್ತಿತ್ತು. ಒಳಗಿನ ಕಾಗದ ಸುತ್ತಿದ ತಂತಿಗಳಿಗೆ ಒಂದು ಗೀರೂ ಇಲ್ಲ. ತಂತಿಗಳನ್ನೆಲ್ಲ ಜೋಡಿಸಿ ಆದ ಮೇಲೆ ಅಪ್ಪ ಸೌಟಿನಿಂದ ಬಿಸಿ ಮೇಣ ಹೊಯ್ದು ಕಿವಿಗೊಟ್ಟು ಕೇಳುತ್ತಿದ್ದರು. ಚಟಪಟ ಅಂದರೆ ಒಳಗೆ ತೇವವಿದೆ, ಮತ್ತೆ ಹೊಯ್ಯಬೇಕು. ಸದ್ದಿಲ್ಲ ಅಂದರೆ ಎಲ್ಲ ಸರಿಯಾಗಿದೆ ಅಂತ, ಮುಚ್ಚಬಹುದು. ರಜೆಯಲ್ಲಿ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದವರು ಅಣ್ಣ ತಮ್ಮ ಇಬ್ಬರೂ. ಅಣ್ಣ ಚಪ್ಪಲಿ ಬಿಟ್ಟು ಗುಂಡಿಗೆ ಇಳಿದುಬಿಡುತ್ತಿದ್ದ. ಅವನು ಮೇಲೆ, ಅಗೆದ ಮಣ್ಣಿನ ಗುಡ್ಡೆಯ ಆಚೆ ಬದಿಯಲ್ಲಿ, ದಾರಿಹೋಕರಿಗೆ ಈ ಗುಂಡಿಗೂ ತನಗೂ ಸಂಬಂಧವಿದೆಯೆಂದು ತೋರದಷ್ಟು ದೂರದಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದ. ಒಂದು ಸಲ ತರಗತಿಯ ಹುಡುಗರಿಬ್ಬರು ಬಂದು, ಇಲ್ಲೇನು ಮಾಡ್ತಿದ್ದೀಯೋ ಎಂದಾಗ ಬಸ್ಸಿಗೆ ಕಾಯ್ತಿದ್ದೀನಿ ಅಂದ. ಅದು ಬಸ್ಸು ಬರುವ ರಸ್ತೆಯಾಗಿರಲಿಲ್ಲ. ಡೇರೆಯೊಳಗೆ ಅಪ್ಪನ ಕೈ ಒಂದು ಕ್ಷಣ ನಿಂತದ್ದು ಅವನಿಗೆ ಹೇಗೆ ಗೊತ್ತಾಯಿತೋ ಗೊತ್ತಿಲ್ಲ, ಆದರೆ ಗೊತ್ತಾಯಿತು. ಹುಡುಗರು ಹೋದ ಮೇಲೆ ಅಪ್ಪ ಒಳಗಿಂದಲೇ, “ಸಾಹೇಬ್ರ ಬಸ್ಸು ಹೋಯ್ತೇನಪ್ಪಾ? ಹೋಗಿದ್ರೆ ಬುತ್ತಿ ಬಿಚ್ಚೋಣ,” ಅಂದರು. ಅಣ್ಣ ಗುಂಡಿಯ ತಳದಲ್ಲಿ ಬಿದ್ದುಬಿದ್ದು ನಕ್ಕ. ಅಂದಿನಿಂದ ಅವನು ಸಾಹೇಬ.

ಆ ಸಾಹೇಬನಿಗೆ ವಿಮಾ ಕಂಪನಿಯ ಕೆಲಸದ ಆದೇಶ ಬಂದದ್ದು ಅಪ್ಪ ನಿವೃತ್ತರಾದ ವಾರವೇ. ಅಷ್ಟೇ, ಅದೊಂದೇ ಕಾಕತಾಳೀಯವನ್ನು ಅವನು ಇಷ್ಟು ವರ್ಷ ಊರುಗೋಲಿನ ಹಾಗೆ ಹಿಡಿದುಕೊಂಡು ನಡೆದಿದ್ದ. ಅಣ್ಣ ಕೇಬಲ್ಲಿನ ಕೆಲಸಕ್ಕೆ ಸೇರಿ ಆಗಲೇ ಕೆಲವು ವರ್ಷವಾಗಿತ್ತು, ನಿಜ; ಅಣ್ಣ ಸೇರಿದಾಗ ಅಪ್ಪ ಚಾಕು ಇಟ್ಟಿರಲಿಲ್ಲ, ಯಾಕೆಂದರೆ ಆಗಿನ್ನೂ ಅಪ್ಪನಿಗೇ ಅದು ಬೇಕಿತ್ತು. ನಿವೃತ್ತಿಯ ದಿನ ಅಪ್ಪ ಮನೆಗೆ ಬಂದು, ಜೇಬಿನಿಂದ ಚಾಕು ತೆಗೆದು ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ತಿರುಗಿ ಕೂತರು. ಅಣ್ಣ ಆಗ ಬಚ್ಚಲಿನಲ್ಲಿದ್ದ. ಮೇಣ, ಸೀಸ, ಗುಂಡಿಯ ಕೆಸರು ಎಲ್ಲ ಹೋಗಬೇಕಾದರೆ ತುಂಬಾ ಹೊತ್ತು ಉಜ್ಜಬೇಕು. ಒಳಗಿನಿಂದ ಸೋಪಿನ ಪುಡಿ ಕೈಗೆ ತಿಕ್ಕುವ ಕರಕರ ಸದ್ದು ಬರುತ್ತಲೇ ಇತ್ತು. ಅವನು ಹೊರಗಿನಿಂದ ಬಂದ. ಚಾಕು ಕಂಡಿತು. ಹಿಡಿ ಯಾರ ಕಡೆಗಿತ್ತು? ಬಾಗಿಲಿನ ಕಡೆಗಿತ್ತು ಎಂದು ಕೆಲವು ದಿನ ನೆನಪಾಗುತ್ತದೆ, ಬಾಗಿಲಿನಿಂದ ಬಂದವನು ತಾನು. ಅಣ್ಣ ದಿನಾ ಕೂರುವ ಕುರ್ಚಿಯ ಕಡೆಗಿತ್ತು ಎಂದು ಇನ್ನು ಕೆಲವು ದಿನ. ಒಂದೊಂದು ಸಲ, ಜ್ವರ ಬಂದಾಗ, ಮೇಜೇ ಗುಂಡಗಿರುತ್ತದೆ, ಹಿಡಿಗೆ ದಿಕ್ಕೇ ಇರುವುದಿಲ್ಲ. ಮೇಜು ಗುಂಡಗಿರಲಿಲ್ಲ. ಅವನು ಎತ್ತಿಕೊಂಡ. ತೂಕ ಅವನೆಣಿಸಿದ್ದಕ್ಕಿಂತ ಕಡಿಮೆಯಿತ್ತು. ಅಷ್ಟರಲ್ಲಿ ಕರಕರ ಸದ್ದು ನಿಂತಿತು. ಒದ್ದೆ ಕೈ ಹೊತ್ತು ಅಣ್ಣ ಬಂದು ನಿಂತ, ಮೇಜನ್ನು ನೋಡಿದ, ಅಪ್ಪನ ಬೆನ್ನನ್ನು ನೋಡಿದ. ತಮ್ಮನ ಜೇಬನ್ನು ನೋಡಲಿಲ್ಲ. ಅಪ್ಪ ಕಿಟಕಿಯಿಂದ ಈಚೆಗೆ ತಿರುಗಲಿಲ್ಲ. ಅಮ್ಮ ಅಡುಗೆಮನೆಯಿಂದ ತಟ್ಟೆ ಹಾಕಲೇನ್ರೋ ಎಂದಳು. ಯಾರಾದರೂ ಒಬ್ಬರು, ಯಾರಾದರೂ, ಒಂದು ಮಾತು ಆಡಿದ್ದರೆ ಅವನು ಅದನ್ನು ವಾಪಸು ಇಟ್ಟುಬಿಡುತ್ತಿದ್ದ. ಇಡುತ್ತಿದ್ದನೇ? ಊಟಕ್ಕೆ ಕೂತರು. ಸದ್ದಿಲ್ಲ ಅಂದರೆ ಸರಿಯಾಗಿದೆ ಅಂತ.

ಅಣ್ಣನಿಗೆ ಇಲಾಖೆಯವರು ಕೊಡುವ ಚಾಕುವೇ ಗತಿಯಾಯಿತು. ತಗಡಿನ ಹಿಡಿ, ಉಂಗುರವಿಲ್ಲ. ಯಾವುದೋ ಗುಂಡಿಯಲ್ಲಿ, ಮಳೆಯ ನೀರು ತುಂಬುವ ಮೊದಲು ಮುಗಿಸುವ ಗಡಿಬಿಡಿಯಲ್ಲಿ, ಸೀಸಕ್ಕೆ ಒತ್ತಿದ ಅಲಗು ಹಿಂದಕ್ಕೆ ಮಡಚಿಕೊಂಡು ಬಲಗೈಯ ಎರಡು ಬೆರಳಿನ ನರ ಕಡಿಯಿತು. ಆಸ್ಪತ್ರೆಯಲ್ಲಿ ಅವನು ಅಣ್ಣನ ಹಾಸಿಗೆಯ ಪಕ್ಕ ಕೂತಿದ್ದಾಗ ಚಾಕು ಅವನ ಪ್ಯಾಂಟಿನ ಜೇಬಿನಲ್ಲೇ ಇತ್ತು, ಕೂತಾಗ ತೊಡೆಗೆ ಒತ್ತುತ್ತಿತ್ತು. ಕಿತ್ತಳೆ ಹಣ್ಣು ತಂದಿದ್ದ, ಬೇಕೆಂದೇ ಕಿತ್ತಳೆ, ಕೈಯಲ್ಲಿ ಸುಲಿಯಬಹುದು ಎಂದು. ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅಣ್ಣ, “ಬೆರಳು ಹೋದ್ರೂ ಉಗುರು ಬೆಳೆಯುತ್ತಂತೆ ನೋಡು, ಡಾಕ್ಟರು ಹೇಳಿದ್ರು,” ಎಂದು ನಕ್ಕ. ಆಮೇಲೆ ಅಣ್ಣನನ್ನು ಗುಂಡಿಯಿಂದ ಉಗ್ರಾಣಕ್ಕೆ ಹಾಕಿದರು, ತಂತಿಯ ಸುರುಳಿಗಳನ್ನು ಕಾಯುವ ಕೆಲಸಕ್ಕೆ. ಬೆರಳಿಗೂ ಚಾಕುವಿಗೂ ಇರುವ ಸಂಬಂಧವನ್ನು ಯಾರೂ ಎಂದೂ ಬಾಯಲ್ಲಿ ಆಡಲಿಲ್ಲ. ಅಪ್ಪ ಕೂಡ. ಸಾಯುವ ಹಿಂದಿನ ದಿನ ಈ ಕಿರಿಮಗನ ಕೈ ಹಿಡಿದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ, ಏನನ್ನೋ ಪರೀಕ್ಷಿಸುವ ಹಾಗೆ ನೋಡಿ, ಕೈ ಬಿಟ್ಟರು.

ಬಾಗಿಲು ತೆರೆದವಳು ಇರುವೆ. ಕೆಲಸದ ಹೊಸ ಬೂಟು ಹಾಕಿಕೊಂಡೇ ಮನೆಯೊಳಗೆ ಓಡಾಡುತ್ತಿದ್ದಳು, ಕಾಲಿಗೆ ಅಭ್ಯಾಸವಾಗಲಿ ಎಂದು. ಅತ್ತಿಗೆ ಅಡುಗೆಮನೆಯಿಂದಲೇ, ಒಬ್ಬರೇ ಬಂದ್ರಾ, ಅವಳನ್ನ ಎಲ್ಲಿ ಬಿಟ್ಟು ಬಂದ್ರಿ ಎಂದು ಕೇಳಿದಳು. ತಲೆನೋವು ಎಂದು ಅವನು ಸುಳ್ಳು ಹೇಳಿದ. ಅದೇ ಮೇಜು. ಅಪ್ಪನ ಸಾವಿನ ನಂತರ ಇಲ್ಲಿಗೆ ಬಂದದ್ದು, ಇವರ ಪುಟ್ಟ ಮನೆಯ ಹಾಲಿನಲ್ಲಿ ಅರ್ಧ ಜಾಗವನ್ನು ಅದೇ ನುಂಗಿತ್ತು. ಅಣ್ಣ ತನ್ನ ಕುರ್ಚಿಯಲ್ಲಿದ್ದ. ಬಾ ಸಾಹೇಬ, ಅಂದ. ಏನೂ ತಂದಿಲ್ಲ ತಾನೇ, ಅಂದ. ಇಲ್ಲ, ಎಂದ ಅವನು. ಹಾಗೆ ಹೇಳುವಾಗ ತೊಡೆಗೆ ಒತ್ತುತ್ತಿದ್ದುದು ಇನ್ನಷ್ಟು ಒತ್ತಿತು.

ಊಟದ ಉದ್ದಕ್ಕೂ ಇರುವೆಯೇ ಮಾತಾಡಿದಳು. ಈಗ ಸೀಸವೂ ಇಲ್ಲ ಮೇಣವೂ ಇಲ್ಲ ಚಿಕ್ಕಪ್ಪ, ಗಾಜಿನ ಎಳೆ, ಕೂದಲಿಗಿಂತ ಸಣ್ಣದು. ಎರಡು ತುದಿಯನ್ನೂ ಒಂದು ಯಂತ್ರದೊಳಗೆ ಇಟ್ಟರೆ ಅದೇ ಬೆಸೆಯುತ್ತೆ, ನಾವು ಪರದೆ ನೋಡ್ತಾ ಕೂರೋದಷ್ಟೇ. ಅಣ್ಣ ಅವಳನ್ನು ನೋಡಿ ನಗುತ್ತಿದ್ದ. ತುತ್ತನ್ನು ಮೂರು ಬೆರಳಲ್ಲಿ ಕಲಸಿ ಎತ್ತುತ್ತಿದ್ದ. ಉಳಿದೆರಡು ಬೆರಳು ಯಾರದೋ ಮನೆಗೆ ಬಂದ ಅಪರಿಚಿತರ ಹಾಗೆ ದೂರ ನಿಂತಿದ್ದವು. ಹಾಗಾದರೆ ಚಾಕು ಬೇಡವೇ ಬೇಡವಾ, ಎಂದು ಕೇಳಬೇಕೆಂದು ಅವನಿಗೆ ಅನ್ನಿಸಿತು, ಕೇಳಲಿಲ್ಲ. ಹೊರಗಿನ ಕಪ್ಪು ಹೊದಿಕೆ ಸೀಳಲಿಕ್ಕಾದರೂ ಒಂದು ಬೇಕಾದೀತು. ಬೇಕಾಗಲಿ ಬಿಡಲಿ, ಇಡುವುದು ಮುಖ್ಯ. ಯಾವಾಗ ಇಡುವುದು? ತಟ್ಟೆ ತೆಗೆದ ಮೇಲೆಯೇ, ಮೊದಲೇ? ಅಪ್ಪ ಇಟ್ಟಾಗ ಮೇಜು ಖಾಲಿಯಿತ್ತು. ತಟ್ಟೆ ತೆಗೆಯುವುದನ್ನೇ ಅವನು ಕಾಯುತ್ತಿರುವಾಗ ಅತ್ತಿಗೆ ಸೇಬುಗಳ ಬುಟ್ಟಿ ತಂದಿಟ್ಟಳು, ಚಾಕು ತರಲು ಒಳಗೆ ತಿರುಗಿದಳು. ಆಗ ಅಣ್ಣ, ಯಾರನ್ನೂ ನೋಡದೆ, ಬಾಯಿ ಒರೆಸಿಕೊಳ್ಳುತ್ತಾ, “ನೀನು ಯಾಕೆ ಹೋಗ್ತೀಯಾ. ಸಾಹೇಬ್ರ ಜೇಬಲ್ಲಿ ಇರುತ್ತಲ್ಲ,” ಅಂದ.

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅತ್ತಿಗೆ ಕೂಡ ಒಂದು ಕ್ಷಣ ತಡವಾಗಿ ತಲೆ ತಗ್ಗಿಸಿದಳು. ಅವನು ಚಾಕು ತೆಗೆದ. ಎಣ್ಣೆ ಹಾಕಿ ಹೊಳೆಯಿಸಿ ತಂದದ್ದು ಎಲ್ಲರಿಗೂ ಕಾಣುತ್ತಿತ್ತು. ಆ ಹೊಳಪೇ ಅವನಿಗೆ ನಾಚಿಕೆ ತಂದಿತು, ಎರವಲು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದವನ ಹಾಗೆ. ಸೇಬು ಸುಲಿದ. ಅಣ್ಣ ಅವನ ಕೈಯನ್ನು ನೋಡುತ್ತಿದ್ದ, ಬುದ್ಧಿವಂತಿಕೆಯಿಲ್ಲದ ಆ ಕೈ ಸಿಪ್ಪೆಯ ಜೊತೆ ಅರ್ಧ ಹಣ್ಣನ್ನೂ ತೆಗೆಯುತ್ತಿತ್ತು. ಅಪ್ಪ ಸುಲಿದರೆ ಸಿಪ್ಪೆಯ ಆಚೆ ಬೆಳಕು ಕಾಣೋದು, ಎಂದ ಅಣ್ಣ ಮಗಳಿಗೆ. ಇರುವೆ, ತಾತನದಾ ಇದು, ಎಂದು ಕತ್ತು ಚಾಚಿದಳು. ಹ್ಞೂಂ, ತಾತನದು, ಎಂದ ಅಣ್ಣ. ಅಷ್ಟೇ. ಹಂಚಿದ್ದಾಯಿತು. ಅವನು ಅಲಗನ್ನು ಕರವಸ್ತ್ರದಿಂದ ಒರೆಸಿ, ಉಂಗುರ ತಿರುಗಿಸಿ, ಮಡಚಿ, ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ನಡುವೆ ಇಟ್ಟ. ಹಿಡಿ ಇರುವೆಯ ಕಡೆಗೆ. ತಪ್ಪಿಯೂ ಬೇರೆ ಯಾವ ದಿಕ್ಕೆಂದು ಯಾರಿಗೂ ಅನ್ನಿಸಬಾರದೆಂದು ಬೆರಳಿನಿಂದ ಇನ್ನೂ ಸ್ವಲ್ಪ ತಿರುಗಿಸಿದ.

ಯಾರೂ ಏನೂ ಅನ್ನಲಿಲ್ಲ. ಅನ್ನುವುದಿಲ್ಲ ಎಂಬುದೇ ಪದ್ಧತಿಯಾದ್ದರಿಂದ ಇದು ಯಾವ ಮೌನ ಎಂದು ಅವನಿಗೆ ತಿಳಿಯಲಿಲ್ಲ. ಇರುವೆ ಸೇಬು ಕಚ್ಚಿದ ಸದ್ದು. ಅವಳ ಕಣ್ಣು ಚಾಕುವಿನ ಮೇಲೆ, ಆಮೇಲೆ ತನ್ನ ಅಪ್ಪನ ಮೇಲೆ. ಅಣ್ಣ ನಲ್ಲಿಯಲ್ಲಿ ನೀರು ಈಗ ದಿನ ಬಿಟ್ಟು ದಿನ ಬರುತ್ತದೆಂದು ಹೇಳತೊಡಗಿದ. ಅವನಿಗೆ ಹೊಳೆಯಿತು: ತಾನಿಲ್ಲಿ ಕೂತಿರುವುದರಿಂದಲೇ ಅವಳಿಗೆ ಸಂಕೋಚ. ಕೈ ತೊಳೆಯಬೇಕು ಎಂದು ಎದ್ದು ಬಚ್ಚಲಿಗೆ ಹೋದ. ಬಾಗಿಲು ಹಾಕಿಕೊಂಡು, ಬಕೆಟ್ಟಿನಿಂದ ನೀರು ಮೊಗೆದು, ಸೋಪು ಹಚ್ಚಿ ತೊಳೆದ. ತೊಳೆದ ಮೇಲೆ ಮತ್ತೆ ಸೋಪು ಹಚ್ಚಿದ. ಕೈಯಲ್ಲಿ ಸೇಬಿನ ರಸವಲ್ಲದೆ ಬೇರೇನೂ ಇರಲಿಲ್ಲ. ಆಚೆಯಿಂದ ಏನೂ ಕೇಳಿಸುತ್ತಿರಲಿಲ್ಲ. ಒಳಗಿರುವವನಿಗೆ ಹೀಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ನೀರಿನ ಸದ್ದು, ತನ್ನದೇ ಕೈಗಳ ಸದ್ದು, ಆಚೆ ಏನಾಗುತ್ತಿದೆಯೆಂಬ ಯೋಚನೆಯೇ ಇಲ್ಲದ ಬೆನ್ನು. ಅಣ್ಣ ಅಂದು ಹಾಡು ಗುನುಗುತ್ತಿದ್ದ. ಅದು ಈಗ ನೆನಪಾಯಿತು. ಇಷ್ಟು ವರ್ಷ ಕರಕರ ಸದ್ದೊಂದೇ ನೆನಪಿತ್ತು, ಹಾಡೂ ಇತ್ತು. ತನಗೇ ಇಟ್ಟದ್ದನ್ನು ಎತ್ತಿಕೊಳ್ಳಲಿಕ್ಕೆ ಹೋಗುವ ಮೊದಲು ಕೈಯನ್ನು ಅಷ್ಟು ಚೊಕ್ಕ ಮಾಡಿಕೊಳ್ಳುತ್ತಿದ್ದ.

ಈಚೆಗೆ ಬಂದಾಗ ಮೇಜು ಒರೆಸಿಯಾಗಿತ್ತು. ಬುಟ್ಟಿ ಇಲ್ಲ, ಸಿಪ್ಪೆ ಇಲ್ಲ. ಒದ್ದೆ ಬಟ್ಟೆ ಹೊಳೆಯಿಸಿದ ಹಲಗೆಯ ನಡುವೆ ಚಾಕು ಇಟ್ಟಲ್ಲೇ ಇತ್ತು. ಅತ್ತಿಗೆ ಅದನ್ನು ಎತ್ತದೆ, ಮುಟ್ಟದೆ, ಸುತ್ತ ಒರೆಸಿದ್ದಳು, ಅದರ ಸುತ್ತ ಒಣಗಿದ ಒಂದು ಅಂಚು ಉಳಿದಿತ್ತು. ಅವನು ಕುರ್ಚಿಯಲ್ಲಿ ಕೂರಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದ. ಇರು ಅಂತ ಯಾರೂ ಅನ್ನಲಿಲ್ಲ, ಅತ್ತಿಗೆ ಮಾತ್ರ ಮಜ್ಜಿಗೆಯಾದರೂ ಕುಡಿದು ಹೋಗಿ ಎಂದಳು. ಬಾಗಿಲ ತನಕ ಬಂದ ಅಣ್ಣ ಚೌಕಟ್ಟಿಗೆ ಕೈ ಊರಿ ನಿಂತ. ಏನೋ ಹೇಳುವವನ ಹಾಗೆ ಕಂಡು, ಹುಷಾರು, ಮೆಟ್ಟಿಲು ಕಿತ್ತಿದೆ, ಎಂದ.

ರಸ್ತೆಗೆ ಬಂದ ಮೇಲೆ ಅವನ ನಡಿಗೆಯೇ ಬದಲಾಯಿತು. ಪ್ಯಾಂಟಿನ ಜೇಬು ಹಗುರವಾಗಿತ್ತು, ಕಾಲಿಗೆ ಬಡಿಯುತ್ತಿರಲಿಲ್ಲ. ಇಟ್ಟು ಬಂದಾಯಿತು. ಅವಳು ಎತ್ತಿಕೊಂಡಳೋ ಬಿಟ್ಟಳೋ ಇನ್ನು ಅವರವರಿಗೆ ಸೇರಿದ್ದು. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದ. ಮೇಜಿಗೂ ಬಾಯಿ ಇರುತ್ತೆ ಕಣೇ, ಎನ್ನಬಹುದು. ಟೀಚರಮ್ಮನ ಪೆಟ್ಟಿಗೆಗೂ ಏನಾದರೂ ಮಾಡಬಹುದಿತ್ತು, ಹಳೆಯದು ಎಂಬ ಮಾತನ್ನಾದರೂ ತೆಗೆಯಬಹುದಿತ್ತು. ತಾನು ಎಷ್ಟು ಬೇಗ ಉದಾರಿಯಾಗುತ್ತಿದ್ದೇನೆಂದು ಅವನಿಗೇ ನಗು ಬಂತು. ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತ. ಬಿಸಿಲು ಬೆಂಚಿಗೆ ಏರಿತ್ತು. ಬೂಟಿನ ಸದ್ದು ಕೇಳಿಸಿದಾಗ ತಿರುಗಿ ನೋಡುವ ಮೊದಲೇ ಅದು ಹೊಸ ಬೂಟೆಂದು ತಿಳಿಯಿತು.

ಓಡಿ ಬಂದದ್ದಕ್ಕೆ ಇರುವೆಗೆ ಏದುಸಿರು. ಬಲಗೈ ಮುಷ್ಟಿ ಕಟ್ಟಿತ್ತು. ಅವಳು ನಗುತ್ತಲೇ ಕೈ ಚಾಚಿ ಮುಷ್ಟಿ ಬಿಚ್ಚಿದಳು.

“ತಗೊಳ್ಳಿ ಚಿಕ್ಕಪ್ಪ.”

ಅವನು ಕೈ ಚಾಚಲಿಲ್ಲ. ಅದು ಮರೆತು ಬಂದದ್ದಲ್ಲ, ಇಟ್ಟು ಬಂದದ್ದು, ಎಂದ. ಗೊತ್ತು ಎಂದಳು ಅವಳು. ಮೇಜಿನ ಮೇಲೆ ಇಟ್ಟದ್ದನ್ನು ಎತ್ತಿಕೊಳ್ಳಬಾರದೆಂದು ಅಪ್ಪ ಶುಕ್ರವಾರವೇ ಹೇಳಿದ್ದರಂತೆ. ಚಿಕ್ಕಪ್ಪ ಚಾಕು ಇಡುತ್ತಾರೆ, ಇಟ್ಟರೆ ಸುಮ್ಮನೆ ಕೂತಿರು ಎಂದು. ಶುಕ್ರವಾರ. ಫೋನು ಮಾಡಿದ ದಿನ. ಏನೂ ತರಬೇಡ ಅಂದ ದಿನ. ಹಾಗಾದರೆ ಇಲ್ಲಿ ಇಡು, ಎಂದು ಬೆಂಚಿನ ಕಲ್ಲನ್ನು ತೋರಿಸಿ, ಸ್ವಲ್ಪ ಸರಿದು ಜಾಗವನ್ನೂ ಮಾಡಿಕೊಟ್ಟ. ಇಲ್ಲಿಡು, ನಾನು ಎತ್ಕೋತೀನಿ.

ಅವಳು ತಲೆಯಾಡಿಸಿದಳು. “ಎಲ್ಲೂ ಇಡಬೇಡ, ಕೈಗೇ ಕೊಟ್ಟು ಬಾ ಅಂದ್ರು ಅಪ್ಪ.”

“ಕೈಗೆ ಕೊಟ್ರೆ ಏನಂತ ಗೊತ್ತಾ ನಿನಗೆ?”

“ಇಲ್ಲ. ನಾನೂ ಕೇಳಿದೆ.” ಅವಳು ಹಣೆಯ ಬೆವರನ್ನು ಇನ್ನೊಂದು ಕೈಯಿಂದ ಒರೆಸಿಕೊಂಡಳು. “ನಿನಗೆ ಗೊತ್ತಿರಬೇಕಾಗಿಲ್ಲ, ಚಿಕ್ಕಪ್ಪನಿಗೆ ಗೊತ್ತು ಅಂದ್ರು.”

ಬಸ್ಸು ಬಂದು ನಿಂತಿತು. ಬೆಂಚಿನ ಹಿಂದೆ ನೆರಳಿನಲ್ಲಿದ್ದವರು ಎದ್ದು ಅವನಿಗೆ ತಾಗಿಕೊಂಡು ಹೋದರು. ಕಂಡಕ್ಟರು ಮೆಟ್ಟಿಲ ಮೇಲೆ ನಿಂತು, ಹತ್ತೋದಾದ್ರೆ ಹತ್ತಿ ಸ್ವಾಮಿ, ಎಂದ. ಇರುವೆಯ ಅಂಗೈ ಇನ್ನೂ ಮುಂದೆಯೇ ಇತ್ತು. ಹೊಸ ಕೆಲಸಕ್ಕೆ ಹೋಗುವ ಕೈ, ಗೀರಿಲ್ಲ, ಗಂಟಿಲ್ಲ, ಬೆರಳೆಲ್ಲ ಹೇಳಿದಂತೆ ಕೇಳುತ್ತಿದ್ದವು. ಇನ್ನೂ ಸ್ವಲ್ಪ ಹೊತ್ತು ಹೀಗೇ ಇದ್ದರೆ ಅವಳು ಏನಾದರೂ ಕೇಳುತ್ತಾಳೆ, ಆಗ ಹೇಳಬೇಕಾಗುತ್ತದೆ. ಅವನು ಕೈ ಚಾಚಿದ. ಓಡಿ ಬಂದವಳ ಮುಷ್ಟಿಯೊಳಗಿದ್ದ ಹಿಡಿ ಬೆಚ್ಚಗಿತ್ತು. ಸೋಮವಾರ ಹುಷಾರಾಗಿ ಹೋಗಮ್ಮ, ಎಂದ. ಅವಳು ಆಗಲಿ ಎಂದು ಬೂಟಿನ ಮೂತಿಯನ್ನು ನೆಲಕ್ಕೆ ಕುಟ್ಟಿ, ತಿರುಗಿ, ಬಂದ ದಾರಿಯಲ್ಲೇ ಓಡಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚಾಕುವನ್ನು ಜೇಬಿಗೆ ಹಾಕಿಕೊಳ್ಳಬೇಕೆಂದು ಹೊಳೆಯದೆ ಅವನು ಅದನ್ನು ಅಂಗೈಯಲ್ಲೇ ಹಿಡಿದು ಕೂತಿದ್ದ. ಇಷ್ಟು ವರ್ಷಗಳಲ್ಲಿ ಅದನ್ನು ಅವನಿಗೆ ಯಾರಾದರೂ ಕೊಟ್ಟದ್ದು ಇದೇ ಮೊದಲು.